ಕಡಲಾಚೆಯ ಕುಟುಂಬಗಳೂ ಮನೆತನದ ಚರಿತ್ರೆಯೂ

ಕಳೆದ ವರ್ಷ ಮಳೆಗಾಲದಲ್ಲಿ ಕೆನಡಾ ದೇಶದಿಂದ ನಮ್ಮ ಧರ್ಮಕೇಂದ್ರದ ಕಚೇರಿಗೆ ಒಂದು ಪತ್ರ ಬಂದಿತು. ಬರೆದವರು ಟೊರಾಂಟೊ ನಗರದ ಸಮೀಪ ಹುಟ್ಟಿ ಬೆಳೆದ, ನಮ್ಮ ಕರಾವಳಿಯನ್ನು ಎರಡೇ ಬಾರಿ ಕಂಡಿರುವ ಒಬ್ಬ ಯುವತಿ. ಅಲ್ಲಿಯ ಧರ್ಮಕೇಂದ್ರದ ಗುರುಗಳು ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುತ್ತಿದ್ದ ಮಕ್ಕಳಿಗೆ ತಂತಮ್ಮ ಮನೆತನದ ನಾಲ್ಕು ತಲೆಮಾರುಗಳನ್ನು ಬರೆದು ತರುವಂತೆ ಹೇಳಿದ್ದರಂತೆ. ಆಕೆಯ ತಮ್ಮ ಮೂರನೆಯ ತಲೆಮಾರಿಗೆ ನಿಂತುಬಿಟ್ಟನು. ಮುತ್ತಜ್ಜನವರಿಗೆ ನಮ್ಮ ದೇವಾಲಯದಲ್ಲಿ ದೀಕ್ಷಾಸ್ನಾನವಾಗಿತ್ತೆಂದು ಮನೆಯಲ್ಲಿ ಹೇಳುತ್ತಾರೆ, ಅದರ ಪ್ರತಿಯೊಂದು ದೊರೆತೀತೇ ಎಂಬುದು ಆಕೆಯ ವಿನಂತಿ.

ಕಚೇರಿಯಲ್ಲಿ ಕುಳಿತಿರುವ ನಮ್ಮಂತಹವರಿಗೆ ದಾಖಲೆ ಕೇಳಿ ಬರುವ ಪತ್ರಗಳು ಹೊಸತಲ್ಲ. ಮದುವೆಗೆ, ಶಾಲೆಗೆ, ಪಾಸ್‌ಪೋರ್ಟಿಗೆ ಎಂದು ಬದುಕಿರುವವರ ದಾಖಲೆಯನ್ನು ಜನರು ದಿನವೂ ಕೇಳುತ್ತಾರೆ. ತೀರಿಹೋದವರ ದಾಖಲೆಯನ್ನು, ಅದೂ ಯಾವ ಸರಕಾರಿ ಕೆಲಸಕ್ಕೂ ಅಲ್ಲದೆ, ಕೇಳುವವರು ವಿರಳ. ಆ ದಿನ ನಮಗೆ ಬೇರೆ ಕೆಲಸಗಳ ಅವಸರವಿತ್ತು. ಮುದ್ರಿತ ನಮೂನೆಯಲ್ಲಿ ಹೆಸರು, ದಿನಾಂಕ, ತಂದೆತಾಯಿಯರ ಹೆಸರು ಇಷ್ಟನ್ನು ತುಂಬಿ, ಮೊಹರು ಒತ್ತಿ ಕಳುಹಿಸಿದೆವು. ತಿಂಗಳಾದ ಮೇಲೆ ಆಕೆ ಪುನಃ ಬರೆದರು: ‘ಫಾದರ್, ಜ್ಞಾನಪಿತ ಮತ್ತು ಜ್ಞಾನಮಾತೆಯ ಸಾಲು ಖಾಲಿ ಇದೆಯಲ್ಲ, ನಿಮ್ಮ ಪುಸ್ತಕದಲ್ಲಿಯೂ ಅದು ಖಾಲಿಯೇ ಇದೆಯೆ?’

ನಮಗೆ ನಾಚಿಕೆಯಾಯಿತು. ಪುಸ್ತಕದಲ್ಲಿ ಅದು ಖಾಲಿ ಇರಲಿಲ್ಲ. ಅಲ್ಲಿ ಏನಿತ್ತೆಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು, ಆ ಕೆನಡಾದ ಗುರುಗಳು ಮಕ್ಕಳಿಗೆ ಕೊಟ್ಟ ಕೆಲಸ ಎಂತಹ ಒಳ್ಳೆಯ ಕೆಲಸವೆಂಬುದನ್ನೂ, ಪರದೇಶಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಹೋಗುವ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಅದು ಏಕೆ ನಡೆಯಬೇಕೆಂಬುದನ್ನೂ ಓದುಗರ ಮುಂದಿಡಲು ಬಯಸುತ್ತೇವೆ.

ಚರ್ಚಿನ ದಾಖಲೆ ಪುಸ್ತಕಗಳು ಚರಿತ್ರೆಗಾಗಿ ಹುಟ್ಟಿದವುಗಳಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆಯು ಗುಟ್ಟಾಗಿ ನಡೆಯುವ ಮದುವೆಗಳನ್ನು ತಡೆಯುವ ಸಲುವಾಗಿ ಪ್ರತಿಯೊಬ್ಬ ಧರ್ಮಕೇಂದ್ರದ ಗುರುವೂ ವಿವಾಹದ ಪುಸ್ತಕವನ್ನಿಡತಕ್ಕದ್ದೆಂದು ವಿಧಿಸಿತು. ದೀಕ್ಷಾಸ್ನಾನದ ಪುಸ್ತಕದಲ್ಲಿ ಜ್ಞಾನಮಾತಾಪಿತರ ಹೆಸರನ್ನು ಬರೆಯಬೇಕೆಂದಿತು. ಕದ್ದು ಮದುವೆಯಾಗಿ, ಬಳಿಕ ಹೆಂಡತಿಯನ್ನು ಅಲ್ಲಗಳೆಯುವ ಗಂಡಸರಿಂದ ಹೆಂಗಸರನ್ನು ರಕ್ಷಿಸುವುದು ಅದರ ಒಂದು ಉದ್ದೇಶ. ಇಂದಿಗೂ 1983ರ ಕಾನೂನು ಸಂಹಿತೆಯ 535ನೆಯ ವಿಧಿಯು ಈ ಪುಸ್ತಕಗಳನ್ನಿಡುವ ಹೊಣೆಯನ್ನು ನಮ್ಮ ಮೇಲೆ ಹೊರಿಸಿದೆ, ಹಳೆಯ ಪುಸ್ತಕಗಳನ್ನು ಎಚ್ಚರದಿಂದ ಕಾಪಾಡಬೇಕೆಂದೂ ಹೇಳಿದೆ. ಸಂಹಿತೆ ಕಾಪಾಡೆನ್ನುತ್ತದೆ, ನಮ್ಮ ಕರಾವಳಿಯ ಮಳೆ ಮತ್ತು ಗೆದ್ದಲು ಬೇರೆ ಮಾತು ಹೇಳುತ್ತವೆ.

ಈ ಪುಸ್ತಕಗಳಲ್ಲಿ ನಮ್ಮನ್ನು ಬಹುಕಾಲದಿಂದ ಸೆಳೆದಿರುವುದು ಅಂಚಿನ ಟಿಪ್ಪಣಿ. ಒಬ್ಬರ ವಿವಾಹ ಜಗತ್ತಿನ ಯಾವ ಮೂಲೆಯಲ್ಲಿ ನಡೆದರೂ ಅಲ್ಲಿಯ ಗುರುಗಳು ಅವರಿಗೆ ದೀಕ್ಷಾಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಬೇಕು. ಇಲ್ಲಿಯವರು ಮೂಲ ದಾಖಲೆಯ ಪಕ್ಕದಲ್ಲಿ ಅದನ್ನು ಬರೆದುಕೊಳ್ಳಬೇಕು. ಆದುದರಿಂದ ಹಳೆಯ ಪುಸ್ತಕವೊಂದನ್ನು ತೆರೆದರೆ ನಡುವಿನಲ್ಲಿ ಒಂದೇ ಊರು, ಅಂಚಿನಲ್ಲಿ ಇಡೀ ಜಗತ್ತು. ಮೊದಲಿಗೆ ಪಕ್ಕದ ಊರುಗಳ ಹೆಸರು, ಬಳಿಕ ಬೊಂಬಾಯಿ, ಪುಟ ತಿರುವಿದಂತೆ ಕುವೈತ್, ಬಹ್ರೇನ್, ದುಬಾಯಿ, ಇತ್ತೀಚೆಗೆ ಮೆಲ್ಬರ್ನ್, ಟೊರಾಂಟೊ. ನಮ್ಮ ಜನರ ವಲಸೆಯ ಚರಿತ್ರೆಯನ್ನು ಯಾರೂ ಬರೆಯುತ್ತೇನೆಂದು ಕುಳಿತು ಬರೆದದ್ದಲ್ಲ. ಒಬ್ಬರ ನಂತರ ಒಬ್ಬರಾಗಿ ಬಂದ ಗುರುಗಳ ಬೇರೆ ಬೇರೆ ಕೈಬರಹದಲ್ಲಿ ಅದು ತಾನಾಗಿಯೇ ಬರೆಯಲ್ಪಟ್ಟಿದೆ.

ಪತ್ರ ಬಂದ ಆ ಕೆನಡಾ ದೇಶದಲ್ಲಿಯೇ ಮನೆತನದ ಚರಿತ್ರೆಯನ್ನು ಧರ್ಮಸಭೆಯ ಕೆಲಸವಾಗಿ ಮಾಡಿದ ಜನರಿದ್ದಾರೆ. ಕ್ವಿಬೆಕ್ ಪ್ರಾಂತದ ಫ್ರೆಂಚ್ ಭಾಷಿಕ ಕಥೋಲಿಕರು ಅವರು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಹೋಗಿ ನೆಲೆಸಿದ ಈ ಸಮುದಾಯದ ಆರಂಭದ ಪುಸ್ತಕಗಳು 1640ರಲ್ಲಿ ಕ್ವಿಬೆಕ್ ಪಟ್ಟಣದ ದೇವಾಲಯಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದವು. ಆಗ ಅವರು ಮಾಡಿದ್ದೇನು? ಬದುಕಿದ್ದವರ ನೆನಪಿನಿಂದ ಆ ದಾಖಲೆಗಳನ್ನು ಪುನಃ ಬರೆಯಿಸಿದರು. ಯಾರ ಮಗು, ಯಾವಾಗ ದೀಕ್ಷಾಸ್ನಾನ, ಯಾರು ಎತ್ತಿ ಹಿಡಿದವರು ಎಂಬುದನ್ನು ನೆನಪಿಸಿಕೊಂಡು ಹೇಳಬಲ್ಲವರು ಆಗ ಇನ್ನೂ ಇದ್ದರು. ಮೂವತ್ತು ವರ್ಷ ಕಳೆದ ಮೇಲೆ ಆ ಬೆಂಕಿ ಬಿದ್ದಿದ್ದರೆ ಇದು ಸಾಧ್ಯವಾಗುತ್ತಿತ್ತೇ ಎಂದು ನಾವು ಆಗಾಗ ಯೋಚಿಸುತ್ತೇವೆ.

ಎರಡು ಶತಮಾನಗಳ ಬಳಿಕ ಅದೇ ಪಟ್ಟಣದಲ್ಲಿ ಹುಟ್ಟಿದ ಸಿಪ್ರಿಯೆಂ ತಾಂಗೆ ಎಂಬ ಗುರುಗಳು ಧರ್ಮಕೇಂದ್ರಗಳ ಪುಸ್ತಕಗಳನ್ನು ಶೋಧಿಸಿ ಫ್ರೆಂಚ್ ಕೆನಡಿಯನ್ ಕುಟುಂಬಗಳ ವಂಶಾವಳಿಯ ನಿಘಂಟನ್ನು ರಚಿಸಿದರು. ಅದರ ಮೊದಲ ಸಂಪುಟ 1871ರಲ್ಲಿ, ಏಳನೆಯದೂ ಕೊನೆಯದೂ ಆದ ಸಂಪುಟ 1890ರಲ್ಲಿ ಪ್ರಕಟವಾಯಿತು. ತಪ್ಪುಗಳು ಬೇಕಾದಷ್ಟಿದ್ದವು, ಅವುಗಳನ್ನು ತಿದ್ದುವುದರಲ್ಲಿ ನಂತರದ ವಿದ್ವಾಂಸರು ದಶಕಗಳನ್ನು ಕಳೆದಿದ್ದಾರೆ. ಆದರೂ ಅಡಿಪಾಯ ಅವರದೇ. 1966ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಜನಸಂಖ್ಯಾ ಶಾಸ್ತ್ರಜ್ಞರು ಇವೇ ಚರ್ಚ್ ಪುಸ್ತಕಗಳಿಂದ ಆ ಪ್ರಾಂತದ ಆರಂಭದ ಜನರೆಲ್ಲರ ಕುಟುಂಬಗಳನ್ನು ಒಂದಕ್ಕೊಂದು ಜೋಡಿಸುವ ಕಾರ್ಯವನ್ನು ಕೈಗೊಂಡರು. ಅಲ್ಲಿಯ ಸಾಗೆನೆ ಪ್ರದೇಶದಲ್ಲಿ 1972ರಿಂದ ನಡೆದ ಇಂತಹದೇ ಕಾರ್ಯವು ಕುಟುಂಬದಲ್ಲಿ ಹರಿದುಬರುವ ಕಾಯಿಲೆಗಳ ಅಧ್ಯಯನಕ್ಕೂ ನೆರವಾಯಿತು. ಗುರುವೊಬ್ಬನು ಮೇಣದ ಬತ್ತಿಯ ಬೆಳಕಿನಲ್ಲಿ ಬರೆದ ಸಾಲು ಇಂದು ವೈದ್ಯನಿಗೆ ಉಪಯೋಗಕ್ಕೆ ಬರುತ್ತದೆಯೆಂದರೆ ಅದು ಸಾಮಾನ್ಯ ಸಂಗತಿಯಲ್ಲ.

ಇದೇ ಜನರು ಮತ್ತೆ ವಲಸೆ ಹೋದರು. 1840ರಿಂದ 1930ರ ವರೆಗೆ ಸುಮಾರು ಒಂಬತ್ತು ಲಕ್ಷ ಮಂದಿ ಕ್ವಿಬೆಕ್ ಬಿಟ್ಟು ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ತೆರಳಿದರು. ಅವರಲ್ಲಿ ಬಹುಪಾಲು ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಕೂಲಿಗಳಾದರು. ಗಿರಣಿಯ ಊರುಗಳಲ್ಲಿ ತಮ್ಮದೇ ಭಾಷೆಯ ಧರ್ಮಕೇಂದ್ರಗಳನ್ನು ಕಟ್ಟಿಕೊಂಡರು. ಹೊಸ ನಾಡಿನಲ್ಲಿ ‘ರುವಾ’ ಎಂಬುವನು ‘ಕಿಂಗ್’ ಆದನು, ‘ಲೆಬ್ಲಾಂಕ್’ ಎಂಬುವನು ‘ವೈಟ್’ ಆದನು. ಮೊಮ್ಮಕ್ಕಳಿಗೆ ಫ್ರೆಂಚ್ ಮರೆತುಹೋಯಿತು. ಹೀಗಿರುವಾಗ ಆ ಸಮುದಾಯದ ಉತ್ಸಾಹಿಗಳು ಒಂದೊಂದು ಧರ್ಮಕೇಂದ್ರದ ವಿವಾಹ ದಾಖಲೆಗಳನ್ನು ಅಕಾರಾದಿಯಾಗಿ ನಕಲು ಮಾಡಿ ಪುಸ್ತಕಗಳಾಗಿ ಅಚ್ಚು ಹಾಕಿಸಿದರು. ಹೆಸರು ಕಳೆದುಕೊಂಡ ಮೊಮ್ಮಗನು ಆ ಪುಸ್ತಕಗಳ ದಾರಿ ಹಿಡಿದು ಅಜ್ಜನ ಹಳ್ಳಿಗೆ ತಲಪುತ್ತಾನೆ. ಅಲ್ಲಿಯ ಪದ್ಧತಿಯ ಇನ್ನೊಂದು ವಿಶೇಷವನ್ನು ಹೇಳಬೇಕು. ಕ್ವಿಬೆಕ್ಕಿನ ಪುಸ್ತಕಗಳಲ್ಲಿ ಹೆಂಗಸರನ್ನು ಮದುವೆಯಾದ ಮೇಲೂ ತವರುಮನೆಯ ಹೆಸರಿನಿಂದಲೇ ಬರೆಯುತ್ತಿದ್ದರು. ಹೀಗಾಗಿ ಅಲ್ಲಿ ಅಜ್ಜಿಯ ದಾರಿಯೂ ಅಜ್ಜನ ದಾರಿಯಷ್ಟೇ ತೆರೆದಿರುತ್ತದೆ.

ಐರ್ಲೆಂಡಿನ ಕಥೆ ಇನ್ನೊಂದು ಬಗೆಯದು. 1922ರ ಜೂನ್ ತಿಂಗಳ ಕೊನೆಯಲ್ಲಿ, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಟ್ಟಡ ಸ್ಫೋಟಕ್ಕೂ ಬೆಂಕಿಗೂ ತುತ್ತಾಯಿತು. ಹತ್ತೊಂಬತ್ತನೆಯ ಶತಮಾನದ ಜನಗಣತಿಯ ಕಡತಗಳು ಬೂದಿಯಾದವು. ಭದ್ರವಾಗಿರಲೆಂದು ಅಲ್ಲಿಗೆ ಒಪ್ಪಿಸಿದ್ದ ಪ್ರೊಟೆಸ್ಟಂಟ್ ‘ಚರ್ಚ್ ಆಫ್ ಐರ್ಲೆಂಡ್’ ಸಭೆಯ ಎಷ್ಟೋ ಪುಸ್ತಕಗಳೂ ಬೂದಿಯಾದವು. ಬಡ ಕಥೋಲಿಕರ ಪುಸ್ತಕಗಳು ಮಾತ್ರ ಹಳ್ಳಿಯ ಗುರುನಿವಾಸಗಳ ಕಪಾಟುಗಳಲ್ಲಿ ಉಳಿದಿದ್ದುದರಿಂದ ಬದುಕಿದವು. ಆ ದೇಶದ ರಾಷ್ಟ್ರೀಯ ಗ್ರಂಥಾಲಯವು ಕಳೆದ ಶತಮಾನದ ನಡುಭಾಗದಲ್ಲಿ ಅವುಗಳನ್ನು ಮೈಕ್ರೊಫಿಲ್ಮಿಗೆ ಇಳಿಸಿ, 2015ರ ಜುಲೈ ತಿಂಗಳಿನಲ್ಲಿ ಯಾರು ಬೇಕಾದರೂ ಹಣ ಕೊಡದೆ ಕಂಪ್ಯೂಟರಿನಲ್ಲಿ ನೋಡುವಂತೆ ಮಾಡಿತು. ಬರಗಾಲದಲ್ಲಿ ಹಡಗು ಹತ್ತಿ ಹೋದವರ ಮರಿಮಕ್ಕಳು ಬೋಸ್ಟನ್ನಿನಲ್ಲಿ, ಸಿಡ್ನಿಯಲ್ಲಿ ಕುಳಿತು ಇಂದು ಆ ಪುಟಗಳನ್ನು ತಿರುವುತ್ತಿದ್ದಾರೆ.

ಈ ವಿಷಯದಲ್ಲಿ ಅಮೆರಿಕದ ಯೂಟಾ ಪ್ರಾಂತದ ಮಾರ್ಮನರನ್ನು ಹೆಸರಿಸದಿರುವುದು ಅಪ್ರಾಮಾಣಿಕವಾದೀತು. 1894ರಲ್ಲಿಯೇ ವಂಶಾವಳಿಗಾಗಿ ಒಂದು ಸಂಘವನ್ನು ಕಟ್ಟಿ, 1938ರಿಂದ ಜಗತ್ತಿನಾದ್ಯಂತ ದಾಖಲೆಗಳ ಚಿತ್ರ ತೆಗೆಸುತ್ತ ಬಂದವರು ಅವರು. ತೀರಿಹೋದ ಪೂರ್ವಜರ ಪರವಾಗಿ ಬದುಕಿರುವವರು ಸ್ನಾನ ಸ್ವೀಕರಿಸುವ ಅವರ ಆಚರಣೆಯನ್ನು ನಾವು ಒಪ್ಪಲಾರೆವು. ಈ ಕಾರಣದಿಂದಲೇ 2008ರಲ್ಲಿ ವ್ಯಾಟಿಕನ್ನಿನಿಂದ ಧರ್ಮಾಧ್ಯಕ್ಷರುಗಳಿಗೆ ಪತ್ರ ಬಂದು, ಚರ್ಚ್ ಪುಸ್ತಕಗಳನ್ನು ಆ ಸಂಘಕ್ಕೆ ಒದಗಿಸಬಾರದೆಂಬ ಸೂಚನೆಯಾಯಿತು. ಸೂಚನೆ ಸರಿಯಾದುದೇ. ಆದರೆ ನಮ್ಮ ಪುಸ್ತಕಗಳನ್ನು ಇತರರಿಗೆ ಕೊಡಬಾರದೆಂದ ಮೇಲೆ ಅವುಗಳನ್ನು ನಾವೇ ಪ್ರೀತಿಯಿಂದ ಓದಬೇಕಾದುದು ನಮ್ಮ ಕರ್ತವ್ಯವಾಗುತ್ತದೆ. ಬೀಗ ಹಾಕುವುದರಲ್ಲಿ ನಾವು ಮುಂದಿದ್ದೇವೆ, ಓದುವುದರಲ್ಲಿ ಅಷ್ಟು ಮುಂದಿಲ್ಲ.

ಕಥೋಲಿಕನು ತನ್ನ ಹಿರಿಯರ ಹೆಸರುಗಳನ್ನು ಹುಡುಕುವುದು ಯಾತಕ್ಕಾಗಿ? ಸಂತ ತೋಮಸ್ ಅಕ್ವಿನಾಸರು ‘ಪಿಯೇತಾಸ್’ ಎಂಬ ಸದ್ಗುಣವನ್ನು ವಿವರಿಸುತ್ತಾರೆ. ದೇವರ ನಂತರ, ನಮಗೆ ಅಸ್ತಿತ್ವವನ್ನೂ ಪೋಷಣೆಯನ್ನೂ ಕೊಟ್ಟ ತಂದೆತಾಯಿಯರಿಗೆ ಮತ್ತು ನಾಡಿಗೆ ನಾವು ಸಲ್ಲಿಸಬೇಕಾದ ಋಣ ಅದು. ನಮ್ಮ ದೇಶದ ಚಿಂತನೆಯಲ್ಲಿ ಪಿತೃಋಣವೆಂಬ ಮಾತು ಇರುವುದರಿಂದ ಇದನ್ನು ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸಂತ ಅಗಸ್ತೀನರ ಬರಹದಲ್ಲಿ ಇದಕ್ಕೆ ಹೃದಯಸ್ಪರ್ಶಿಯಾದ ನಿದರ್ಶನವಿದೆ. ಅವರ ತಾಯಿ ಮೋನಿಕಾ ಆಫ್ರಿಕಾದ ತಮ್ಮ ಊರಿಗೆ ಹಡಗು ಹತ್ತುವ ಮೊದಲೇ, 387ರಲ್ಲಿ, ಇಟಲಿಯ ಒಸ್ತಿಯಾ ಬಂದರಿನಲ್ಲಿ ತೀರಿಕೊಂಡರು. ಪರದೇಶದಲ್ಲಿ ಸಾಯುವೆನೆಂದು ಆಕೆ ಚಿಂತಿಸಲಿಲ್ಲ. ದೇಹವನ್ನು ಎಲ್ಲಿ ಬೇಕಾದರೂ ಹೂಳಿರಿ, ಬಲಿಪೀಠದಲ್ಲಿ ಮಾತ್ರ ನನ್ನನ್ನು ನೆನೆಯಿರಿ ಎಂದು ಮಕ್ಕಳಿಗೆ ಹೇಳಿದರು. ಅಗಸ್ತೀನರು ತಮ್ಮ ಆತ್ಮಕಥನದಲ್ಲಿ ತಂದೆತಾಯಿಯರಿಬ್ಬರ ಹೆಸರುಗಳನ್ನೂ ಬರೆದು, ಓದುವವರೆಲ್ಲರೂ ಅವರನ್ನು ನೆನೆಯಬೇಕೆಂದು ಬೇಡಿಕೊಂಡರು. ಹೆಸರೇ ಗೊತ್ತಿಲ್ಲದವರನ್ನೂ ದೇವರು ಅರಿಯುತ್ತಾನೆ, ನಿಜ. ಆದರೆ ನೆನೆಯಬೇಕಾದವರು ನಾವು. ನಮಗೆ ಹೆಸರು ಬೇಕು.

ನಮ್ಮ ಕರಾವಳಿಯ ಕಥೋಲಿಕರಿಗೆ ಹೆಸರುಗಳು ಕಳೆದುಹೋಗುವುದರ ಅನುಭವ ಚೆನ್ನಾಗಿಯೇ ಇದೆ. ಗೋವೆಯಿಂದ ಬಂದವರು ಹಳೆಯ ನೆಲವನ್ನು ಬಿಟ್ಟು ಬಂದರು. 1784ರಲ್ಲಿ ನಮ್ಮ ಹಿರಿಯರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ದೇವಾಲಯಗಳು ನೆಲಸಮವಾದವು. 1799ರ ಬಳಿಕ ಮರಳಿದವರು ಎಲ್ಲವನ್ನೂ ಮೊದಲಿನಿಂದ ಕಟ್ಟಿದರು. ಇದು ಬಹಳ ಹಿಂದಿನ ಮಾತಾಯಿತು ಎನ್ನಬಹುದು. 1990ರ ಆಗಸ್ಟ್ ತಿಂಗಳಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಬಳಿಕ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಊರಿಗೆ ಕರೆತಂದರಲ್ಲ, ಅವರಲ್ಲಿ ನಮ್ಮ ಜನರು ಎಷ್ಟು ಮಂದಿ! ಕೈಗೆ ಸಿಕ್ಕಿದ ಒಂದು ಚೀಲ ಹಿಡಿದು ಬಂದರು. ಚಿನ್ನ ಹೋಯಿತೆಂದು ಅತ್ತವರನ್ನು ನಾವು ಕಂಡಿದ್ದೇವೆ. ಅಪ್ಪನ ಒಂದೇ ಒಂದು ಫೋಟೊ ಆ ಮನೆಯ ಗೋಡೆಯಲ್ಲಿ ಉಳಿಯಿತೆಂದು ಅತ್ತವರನ್ನೂ ಕಂಡಿದ್ದೇವೆ. ಕೊಲ್ಲಿ ದೇಶಗಳಲ್ಲಿ ಎಷ್ಟು ವರ್ಷ ದುಡಿದರೂ ಆ ನೆಲ ನಮ್ಮದಾಗುವುದಿಲ್ಲ. ಅಲ್ಲಿಯ ಒಂದು ಧರ್ಮಕೇಂದ್ರದಲ್ಲಿ ಮಗುವಿಗೆ ದೀಕ್ಷಾಸ್ನಾನ, ಇನ್ನೊಂದು ದೇಶದಲ್ಲಿ ದೃಢೀಕರಣ, ಮೂರನೆಯ ದೇಶದಲ್ಲಿ ಮದುವೆ. ಕುಟುಂಬದ ನಡುವೆ ಈ ಎಳೆಗಳನ್ನು ಒಟ್ಟುಗೂಡಿಸಿ ಹಿಡಿಯುವವರು ಯಾರೂ ಇಲ್ಲದಿದ್ದರೆ ಎರಡೇ ತಲೆಮಾರುಗಳಲ್ಲಿ ಎಲ್ಲವೂ ಬಿಚ್ಚಿಹೋಗುತ್ತದೆ.

ಪರದೇಶದಲ್ಲಿರುವ ನಮ್ಮವರು ಊರಿನ ಸಂಸ್ಕೃತಿಯನ್ನು ಮರೆತಿದ್ದಾರೆಂದು ನಾವು ಹೇಳುವುದಿಲ್ಲ. ಮೊಂತಿ ಹಬ್ಬಕ್ಕೆ ಅಲ್ಲಿಯೂ ಹೊಸ ತೆನೆ ಬರುತ್ತದೆ, ಸನ್ನಣ ಬೇಯುತ್ತದೆ, ಬೈಲಾ ನಡೆಯುತ್ತದೆ. ಆದರೆ ಅದೇ ಸಭಾಂಗಣದ ಮೂಲೆಯಲ್ಲಿ, ಮಗನ ಮನೆಗೆಂದು ಊರಿನಿಂದ ಬಂದ ಎಂಬತ್ತರ ಅಜ್ಜಿಯೊಬ್ಬರು ಸುಮ್ಮನೆ ಕುಳಿತಿರುತ್ತಾರೆ. ಒಂದು ಸಂಜೆ ಮಕ್ಕಳು ಅವರ ಸುತ್ತ ಕುಳಿತು, ನಿಮ್ಮ ಅಮ್ಮನ ಹೆಸರೇನು, ತವರು ಯಾವ ವಾಡೊ, ನಿಮ್ಮ ಮದುವೆಯ ರೋಸಿಗೆ ಯಾರೆಲ್ಲ ಬಂದಿದ್ದರು ಎಂದು ಕೇಳಲಿ. ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಲಿ. ಅಜ್ಜಿಯ ಕೊಂಕಣಿ ಅರ್ಥವಾಗದಿದ್ದರೆ ತಂದೆತಾಯಿ ಬಿಡಿಸಿ ಹೇಳಲಿ. ಅವರಿಗೂ ಅದರಿಂದ ಪ್ರಯೋಜನವಿದೆ. ಕ್ವಿಬೆಕ್ಕಿನವರು 1640ರಲ್ಲಿ ಮಾಡಿದ್ದು ಇದನ್ನೇ. ಮನೆಯವರು ಮಾತ್ರ ಮಾಡಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಮನೆಯೊಳಗೆ ಈ ಕೆಲಸ ನಾಳೆಗೆ ನಾಳೆಗೆ ಎಂದು ಮುಂದೆ ಹೋಗುತ್ತದೆ. ಧರ್ಮಕೇಂದ್ರ ದಿನ ಗೊತ್ತುಪಡಿಸಿದರೆ ನಡೆಯುತ್ತದೆ. ಮಂಗಳೂರು ಕಥೋಲಿಕ ಕುಟುಂಬಗಳ ವಂಶಾವಳಿಗಳನ್ನು ಮೈಕೆಲ್ ಲೋಬೊ ಅವರು ಬಹಳ ಶ್ರಮದಿಂದ ಸಂಗ್ರಹಿಸಿದ್ದಾರೆ. ಒಬ್ಬರು ಅಷ್ಟನ್ನು ಮಾಡಬಹುದಾದರೆ ಒಂದು ಸಮುದಾಯ ತನ್ನ ಪಾಲಿನಷ್ಟನ್ನು ಮಾಡಲಾರದೆ?

ಇಲ್ಲಿ ಒಂದು ಅಪಾಯವಿದೆ. ಅದನ್ನು ಮುಚ್ಚಿಟ್ಟು ಈ ಕೆಲಸವನ್ನು ಹೊಗಳುವುದು ನಮ್ಮಿಂದಾಗದು. ಸಂತ ಪೌಲರು ತಿಮೊಥೆಯನಿಗೂ ತೀತನಿಗೂ ಬರೆಯುತ್ತ, ಕೊನೆಯಿಲ್ಲದ ವಂಶಾವಳಿಗಳ ಗೊಡವೆ ಬೇಡವೆಂದು ಎಚ್ಚರಿಸಿದ್ದಾರೆ. ನಮ್ಮವರಲ್ಲಿ ವಂಶದ ಮಾತು ಎತ್ತಿದೊಡನೆ ಮನಸ್ಸು ಎತ್ತ ಹರಿಯುತ್ತದೆಂಬುದು ನಮಗೆ ಗೊತ್ತು. ಗೋವೆಯಿಂದ ಹೊತ್ತು ತಂದ ಜಾತಿಯ ಗಂಟನ್ನು ದೀಕ್ಷಾಸ್ನಾನದ ನೀರು ಕರಗಿಸಬೇಕಿತ್ತು. ನೆಂಟಸ್ತಿಕೆಯ ಮಾತುಕತೆಯ ದಿನ ಅದು ಕರಗಿಲ್ಲವೆಂದು ತಿಳಿಯುತ್ತದೆ. ಟೊರಾಂಟೊದಲ್ಲಿ ಕುಳಿತು ಅಜ್ಜನ ಜಾತಿಯನ್ನು ಹುಡುಕಿ ತೆಗೆಯುವುದಕ್ಕಾಗಿ ಈ ಪುಸ್ತಕಗಳನ್ನು ತೆರೆಯುವುದಾದರೆ ಅವು ಮುಚ್ಚಿಯೇ ಇರಲಿ. ಆ ಯುವತಿ ತಮ್ಮ ಮನೆಯಲ್ಲಿ ಗೋಡೆಗೆ ಹಾಕಿರುವ ವಂಶವೃಕ್ಷದ ಚಿತ್ರವನ್ನು ಪತ್ರದೊಡನೆ ಇಟ್ಟಿದ್ದರು. ಅದರ ನೆತ್ತಿಯಲ್ಲಿ ಸಿಂಹವೂ ಗುರಾಣಿಯೂ ಇರುವ ಲಾಂಛನವೊಂದು ಇದ್ದಿತು. ಹಣ ಕೊಟ್ಟರೆ ಯಾವುದೇ ಪೋರ್ಚುಗೀಸ್ ಉಪನಾಮಕ್ಕೆ ಇಂತಹ ಲಾಂಛನವನ್ನು ಮಾಡಿಕೊಡುವ ವ್ಯಾಪಾರಿಗಳು ಹೊರದೇಶಗಳಲ್ಲಿ ಇದ್ದಾರೆ. ಡಿಸೋಜ, ಪಿರೇರಾ, ಲೋಬೊ ಎಂಬ ಹೆಸರುಗಳು ನಮ್ಮ ಹಿರಿಯರಿಗೆ ದೀಕ್ಷಾಸ್ನಾನದಲ್ಲಿ ದೊರೆತವು. ಲಿಸ್ಬನ್ನಿನ ಅರಮನೆಯ ರಕ್ತದಿಂದ ಹರಿದುಬಂದವುಗಳಲ್ಲ. ಪ್ರಭು, ಪೈ, ಶೇಟ್, ನಾಯಕ್ ಎಂಬ ಹಳೆಯ ಹೆಸರುಗಳನ್ನು ಜೊತೆಗಿಟ್ಟುಕೊಂಡ ಮನೆತನಗಳೂ ನಮ್ಮಲ್ಲಿವೆ. ಸಿಂಹದ ಕೆಳಗೆ ನಮ್ಮ ಗದ್ದೆಯ ಒಕ್ಕಲಿಗನನ್ನು ನಿಲ್ಲಿಸಿದರೆ ಸಿಂಹಕ್ಕೂ ಸಂಕೋಚವಾದೀತು.

ಶುಭಸಂದೇಶಕಾರ ಮತ್ತಾಯನು ಬರೆದ ವಂಶಾವಳಿಯನ್ನು ಕ್ರಿಸ್ತಜಯಂತಿಯ ಕಾಲದಲ್ಲಿ ದೇವಾಲಯದಲ್ಲಿ ಓದುವಾಗ ಜನರು ಆಕಳಿಸುವುದನ್ನು ನಾವು ಬಲಿಪೀಠದಿಂದ ನೋಡುತ್ತೇವೆ. ಆದರೆ ಆತನು ಸೇರಿಸಿದ ಸ್ತ್ರೀಯರನ್ನು ಗಮನಿಸಿರಿ: ಮಾವನಿಂದ ಮಕ್ಕಳನ್ನು ಪಡೆದ ತಾಮಾರಳು, ಜೆರಿಕೋವಿನ ವೇಶ್ಯೆ ರಾಹಾಬಳು, ಪರದೇಶದ ವಿಧವೆ ರೂತಳು, ದಾವೀದನು ಅಪಹರಿಸಿದ ಊರೀಯನ ಹೆಂಡತಿ. ಸಿಂಹದ ಲಾಂಛನ ಬೇಕಾದವನು ಇವರನ್ನು ಬಿಟ್ಟುಬಿಡುತ್ತಿದ್ದನು. ಕ್ವಿಬೆಕ್ಕಿನ ಜನರೂ ಈ ಪಾಠವನ್ನು ತಮ್ಮದೇ ರೀತಿಯಲ್ಲಿ ಕಲಿತಿದ್ದಾರೆ. 1663ರಿಂದ 1673ರ ವರೆಗೆ ಫ್ರಾನ್ಸಿನ ಅರಸನು ಆ ವಸಾಹತಿಗೆ ಮದುವೆಗಾಗಿ ಸುಮಾರು 770 ಹೆಂಗಸರನ್ನು ಕಳುಹಿಸಿದನು. ಅವರಲ್ಲಿ ಅನೇಕರು ಬಡವರು, ತಂದೆಯಿಲ್ಲದವರು, ಪ್ಯಾರಿಸಿನ ಅನಾಥಾಲಯದಿಂದ ಬಂದವರು. ಇಂದು ಅವರ ಸಂತತಿಯವರು ನಾನು ಅರಸನ ಕಳುಹಿಸಿದ ಇಂತಹ ಹೆಣ್ಣುಮಗಳ ಪೀಳಿಗೆಯವನೆಂದು ತಲೆಯೆತ್ತಿ ಹೇಳುತ್ತಾರೆ.

ಈಗ ನಮ್ಮ ಪುಸ್ತಕದಲ್ಲಿ ಏನಿತ್ತೆಂಬ ಮಾತಿಗೆ ಬರುತ್ತೇವೆ. ಆ ಮುತ್ತಜ್ಜನ ಜ್ಞಾನಮಾತೆಯ ಹೆಸರು ಸ್ಪಷ್ಟವಾಗಿಯೇ ಇದ್ದಿತು, ಉಪನಾಮ ಮಗುವಿನದೇ. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಆಕೆಯ ದೀಕ್ಷಾಸ್ನಾನವೂ ದೊರೆಯಿತು: ಅದೇ ತಂದೆ, ಅದೇ ತಾಯಿ, ಚೊಚ್ಚಲ ಮಗು. ಅಂಚಿನಲ್ಲಿ ನೆರೆಯ ಧರ್ಮಕೇಂದ್ರದಲ್ಲಿ ಆದ ಮದುವೆಯ ಟಿಪ್ಪಣಿ. ಅಲ್ಲಿಯ ಗುರುಗಳನ್ನು ಕೇಳಿದಾಗ ಅವರ ಮರಣದ ಪುಸ್ತಕದಲ್ಲಿ, ಮದುವೆಯಾದ ಮೂರನೆಯ ವರ್ಷದಲ್ಲಿಯೇ, ಆಕೆಯ ಗಂಡನ ಹೆಸರು. ಮುಂದೆ ಎಲ್ಲಿಯೂ ಆಕೆಯ ಸುದ್ದಿಯಿಲ್ಲ. ಟೊರಾಂಟೊದ ವಂಶವೃಕ್ಷದಲ್ಲಿಯೂ ಆಕೆ ಇರಲಿಲ್ಲ; ಅದರಲ್ಲಿ ಗಂಡುಮಕ್ಕಳ ಕೊಂಬೆಗಳು ಮಾತ್ರ ಇದ್ದವು.

ನಮ್ಮ ಹಿಂದಿನ ಗುರಿಕಾರರೊಬ್ಬರ ತಾಯಿಗೆ ಈಗ ಎಂಬತ್ತೆಂಟು ವರ್ಷ. ಒಂದು ಆದಿತ್ಯವಾರ ಬಲಿಪೂಜೆಯ ನಂತರ ಅವರ ಮನೆಗೆ ಹೋಗಿ ಕೇಳಿದೆವು. ‘ಓ, ಬೊಂಬಾಯಿಯ ಮಾವ್ಶಿಯೇ?’ ಎಂದರು ಅವರು, ತಡವಿಲ್ಲದೆ. ವಿಧವೆಯಾದ ಮೇಲೆ ಆಕೆ ಬೊಂಬಾಯಿಗೆ ಹೋಗಿ ಮನೆಯೊಂದರಲ್ಲಿ ಆಯಾ ಆಗಿ ದುಡಿದರಂತೆ. ವರ್ಷಕ್ಕೊಮ್ಮೆ ಹಡಗಿನಲ್ಲಿ ಊರಿಗೆ ಬರುತ್ತಿದ್ದರಂತೆ. ತಮ್ಮನ ಗದ್ದೆ ಅಡವಿಗೆ ಹೋಗಿದ್ದಾಗ ಬಿಡಿಸಿಕೊಟ್ಟದ್ದು ಆಕೆಯ ಹಣ. ತಮ್ಮನ ಮಗನನ್ನು ಓದಿಸಿದ್ದೂ ಆಕೆಯ ಹಣ. ಓದಿದ ಆ ಮಗನೇ ಮುಂದೆ ಪರದೇಶಕ್ಕೆ ಹೋದ ಮೊದಲಿಗ. ಆಯಾ ಕೆಲಸದ ಮಾತನ್ನು ಹೇಳಿಕೊಳ್ಳಲು ಮನೆಯವರಿಗೆ ನಾಚಿಕೆಯಾಗಿ, ಹೇಳದೆ ಹೇಳದೆ ಆಕೆಯೇ ಮರೆತುಹೋದರು.

ಇದನ್ನು ಬರೆದು ತಿಳಿಸುವುದೇ ಬೇಡವೇ ಎಂದು ನಾವು ಎರಡು ದಿನ ಯೋಚಿಸಿದೆವು. ದಾಖಲೆ ಪುಸ್ತಕದಲ್ಲಿ ಬದುಕಿರುವವರನ್ನು ನೋಯಿಸುವ ಸಂಗತಿಗಳೂ ಇರುತ್ತವೆ. ಅವುಗಳನ್ನು ಕೇಳಿದವರಿಗೆಲ್ಲ ಬಿಚ್ಚಿಡುವ ಹಕ್ಕು ನಮಗಿಲ್ಲ. ಆದರೆ ಇದರಲ್ಲಿ ಮುಚ್ಚಿಡಬೇಕಾದುದು ಏನಿತ್ತು? ನಮ್ಮ ಜ್ಞಾನಮಾತೆಯ ಸಾಲು ಖಾಲಿ ಬಿಟ್ಟ ತಪ್ಪೊಂದನ್ನು ಬಿಟ್ಟರೆ ಏನೂ ಇಲ್ಲ. ಹೊಸ ನಮೂನೆಯೊಂದನ್ನು ಪೂರ್ತಿ ತುಂಬಿ, ಆ ಹಿರಿಯ ತಾಯಿ ಹೇಳಿದ್ದನ್ನೆಲ್ಲ ಎರಡು ಪುಟ ಬರೆದು ಕಳುಹಿಸಿದೆವು.

ಉತ್ತರ ಬರಲು ಬಹಳ ದಿನ ಹಿಡಿಯಿತು. ಮನೆಯಲ್ಲಿ ಸ್ವಲ್ಪ ಚರ್ಚೆಯಾಯಿತೆಂದು ಆ ಯುವತಿ ಬರೆದಿದ್ದರು, ಹೆಚ್ಚು ವಿವರಿಸಿರಲಿಲ್ಲ. ಸಿಂಹದ ಲಾಂಛನ ಇನ್ನೂ ಗೋಡೆಯಲ್ಲಿದೆಯಂತೆ. ಪತ್ರದೊಡನೆ ನವೆಂಬರ್ 2ರ ಸಕಲ ಮೃತರ ಸ್ಮರಣೆಯ ದಿನಕ್ಕಾಗಿ ಕುಟುಂಬದ ಮೃತರ ಪಟ್ಟಿಯೊಂದಿತ್ತು. ಬಲಿಪೂಜೆಯಲ್ಲಿ ನಮ್ಮ ದೇವಾಲಯದಲ್ಲಿಯೂ ಓದಬೇಕೆಂದು ಕೇಳಿದ್ದರು. ಹನ್ನೊಂದು ಹೆಸರುಗಳಲ್ಲಿ ಆಕೆಯ ಹೆಸರೇ ಮೊದಲನೆಯದು. ಕಾಗುಣಿತ ತಪ್ಪಾಗಿತ್ತು. ಪುಸ್ತಕ ನೋಡಿ ಸರಿಪಡಿಸಿ ಓದಿದೆವು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಗುರಿಕಾರರ ತಾಯಿ ಆ ಹೆಸರು ಕೇಳಿ ತಲೆಯೆತ್ತಿ ನೋಡಿದರು.